ಎತ್ತಿಟ್ಟ ಎಣ್ಣೆ

ಶಾಲೆಯಲ್ಲಿ ಒಮ್ಮೆ ಟೀಚರ್ ಎಲ್ಲರ ಅಪ್ಪಂದಿರ ಕೆಲಸ ಕೇಳುತ್ತಾ ಬಂದಾಗ ನಾನು ಎದ್ದು ನಿಂತು, "ನಮ್ಮಪ್ಪ ಭಟ್ಟಿ ಇಳಿಸ್ತಾರೆ" ಅಂದಿದ್ದೆ. ತರಗತಿಗೆ ತರಗತಿಯೇ ನಕ್ಕಿತು. "ಹೆಂಡ ಅಲ್ಲ, ಎಣ್ಣೆ" ಎಂದು ಸೇರಿಸಿದೆ. ನಗು ಇನ್ನೂ ಜೋರಾಯಿತು. ಅವತ್ತಿನಿಂದ ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿಯಾದೆ. ಅಪ್ಪನ ಅಕ್ಕ, ನನ್ನ ಅತ್ತೆ, ನನ್ನನ್ನು ಮೌನಗೌರಿ ಎಂದು ಕರೆಯತೊಡಗಿದ್ದೂ ಆಗಲೇ.

ಅಪ್ಪ ಇಳಿಸುವುದು ಗಿಡದ ಪರಿಮಳದ ಎಣ್ಣೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಆಳೆತ್ತರದ ಉಕ್ಕಿನ ಹಂಡೆ ಇದೆ. ತಳದಲ್ಲಿ ನೀರು, ಅದರ ಮೇಲಿನ ಜಾಲರಿಯಲ್ಲಿ ಬಾಡಿಸಿದ ನಿಂಬೆಹುಲ್ಲು. ಬೆಂಕಿ ಹಾಕಿದರೆ ಆವಿ ಹುಲ್ಲಿನೊಳಗಿಂದ ಹಾದು, ಅದರ ವಾಸನೆಯನ್ನೆಲ್ಲ ಹೊತ್ತುಕೊಂಡು ಮೇಲೇರುತ್ತದೆ. ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿದ ಸುರುಳಿ ಕೊಳವೆಯಲ್ಲಿ ತಣಿದು ಗಾಜಿನ ಜಾಡಿಗೆ ತೊಟ್ಟಿಕ್ಕುತ್ತದೆ. ನೀರು ಕೆಳಗೆ ನಿಲ್ಲುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಹೊರೆಗಟ್ಟಲೆ ಹುಲ್ಲು ಬೆಂದರೆ ಅಂಗೈಯಲ್ಲಿ ಹಿಡಿಯುವಷ್ಟು ಬಾಟಲಿ ತುಂಬುತ್ತದೆ. ನಮ್ಮ ಮನೆಯ ದಿಂಬು, ಟವೆಲ್ಲು, ನನ್ನ ಪುಸ್ತಕಗಳು ಎಲ್ಲವೂ ಅದೇ ವಾಸನೆ. ಈ ವಾಸನೆಯ ಹೊಸದರಲ್ಲಿ ಅಮ್ಮ ತಲೆನೋವು ಬಂದು ಹೊರಳಾಡುತ್ತಿದ್ದಳಂತೆ. ಈಗ ಬೇರೆ ಮನೆಗೆ ಹೋದರೆ ಏನೋ ಕೊರತೆ ಅನ್ನುತ್ತಾಳೆ.

ಅಜ್ಜನ ಕಾಲದಲ್ಲಿ ಹಂಡೆಗೆ ಬೀಳುತ್ತಿದ್ದುದು ಹುಲ್ಲಲ್ಲ, ಲಾವಂಚದ ಬೇರು. ಬೇರಿನ ಎಣ್ಣೆ ಜೇನಿನಂತೆ ಮಂದ, ಕಂದು ಬಣ್ಣ. ಹೊಸದರಲ್ಲಿ ಹಸಿ ಮಣ್ಣಿನ ಒರಟು ವಾಸನೆ. ಇಟ್ಟಷ್ಟೂ ಅದು ಮಾಗುತ್ತದೆ, ಇಟ್ಟವನ ಬೆಲೆ ಏರುತ್ತದೆ. "ಇಳಿಸಿದ ದಿನವೇ ಮಾರೋನು ಎಣ್ಣೆಯವನಲ್ಲ, ನೀರಿನವನು" ಎನ್ನುವುದು ಅಜ್ಜನ ಮಾತು. ಅಪ್ಪ ಮತ್ತು ಅತ್ತೆ ಇಬ್ಬರೂ ಈ ಮಾತನ್ನು ತಾಯಿಹಾಲಿನ ಜೊತೆ ಕುಡಿದು ಬೆಳೆದವರು. ಆದರೆ ಅಜ್ಜ ಹೋದ ಮೇಲೆ ಹೊಳೆದಂಡೆಯ ಲಾವಂಚದ ಜಾಗದಲ್ಲಿ ರಸ್ತೆ ಬಂತು. ಬೇರು ಅಗೆಯುವವರು ಸಿಗಲಿಲ್ಲ. ಅಪ್ಪ ಹುಲ್ಲಿಗೆ ತಿರುಗಿದ.

ಹುಲ್ಲಿನ ಮೊದಲ ಎಣ್ಣೆ ಇಳಿದ ದಿನ ಅಪ್ಪ ಅದನ್ನು ಬಿಳಿ ಗಾಜಿನ ಬಾಟಲಿಗೆ ಹಾಕಿ, ಬಿಸಿ ಆರುವ ಮುಂಚೆಯೇ ಅಕ್ಕನಿಗೆ ತೋರಿಸಲು ಹೊರಟ. ನಾನಾಗ ಅವನ ಬೆರಳು ಹಿಡಿದು ನಡೆಯುವ ವಯಸ್ಸು. ಎರಡು ಬೀದಿ ಆಚೆ ಅತ್ತೆಯ ಪುಸ್ತಕ ಕಟ್ಟುವ ಅಂಗಡಿ. ಮಾವ ತೀರಿಕೊಂಡ ಮೇಲೆ ಅದನ್ನು ಅವಳೇ ನಡೆಸುತ್ತಿದ್ದಳು. ರಟ್ಟಿನ ರಾಶಿ, ಅಂಟಿನ ಡಬ್ಬ, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು, ಮಧ್ಯದಲ್ಲಿ ಅತ್ತೆ. ಅವಳ ನಾಲಗೆಗೂ ಅವಳ ದಬ್ಬಳಕ್ಕೂ ಒಂದೇ ಮೊನೆ. ಅವತ್ತು ಅಂಗಡಿ ತುಂಬ ಗಿರಾಕಿಗಳು. ಅಪ್ಪ ಬಾಟಲಿಯ ಮುಚ್ಚಳ ತೆಗೆದು ಅವಳ ಮೂಗಿನ ಹತ್ತಿರ ಹಿಡಿದ. ಅತ್ತೆ ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು, "ಬುಡ್ಡೀ, ಚೆನ್ನಾಗಿದೆ ಕಣೋ! ನೆಲ ಒರೆಸೋಕೆ!" ಅಂದಳು.

ಅಪ್ಪ ಚಿಕ್ಕಂದಿನಿಂದ ಬಾಟಲಿಗಳ ಜೊತೆಯೇ ಆಡುತ್ತಿದ್ದುದರಿಂದ ಬುಡ್ಡಿ ಎನ್ನುವುದು ಅವಳಿಟ್ಟ ಹೆಸರು. ಗಿರಾಕಿಗಳು ನಕ್ಕರು. ಅಪ್ಪನೂ ನಕ್ಕ. ಮುಚ್ಚಳ ತಿರುಗಿಸಿ, ಬಾಟಲಿ ಜೇಬಿಗೆ ಹಾಕಿಕೊಂಡು, ದಾರಿಯುದ್ದಕ್ಕೂ ಒಂದು ಮಾತಾಡದೆ ಮನೆಗೆ ಬಂದ. ಸ್ಟೂಲು ಹತ್ತಿ ಅದನ್ನು ಕಪಾಟಿನ ಮೇಲಿಟ್ಟು ಅಮ್ಮನಿಗೆ ಹೇಳಿದ: "ಇದು ಅಕ್ಕಂದು. ಅವಳಾಗೇ ಕೇಳೋವರೆಗೂ ಯಾರೂ ಮುಟ್ಟಬಾರದು."

ಅಕ್ಕ ತಮ್ಮ ಮಾತು ಬಿಟ್ಟರು ಅಂತಲ್ಲ. ಎಣ್ಣೆಯ ಮಾತನ್ನಷ್ಟೇ ಬಿಟ್ಟರು. ಆದರೆ ಎಣ್ಣೆ ಬಿಟ್ಟರೆ ಅಪ್ಪನಿಗೆ ಬೇರೆ ಮಾತೇ ಇಲ್ಲದ್ದರಿಂದ ಎರಡೂ ಒಂದೇ ಆಯಿತು. ಬಂದರೆ ಚಹಾ ಕುಡಿಯುವುದು, ಬಿಸಿಲನ್ನು ಬೈಯುವುದು, ಎದ್ದು ಹೋಗುವುದು. ಅತ್ತೆ ಆಡಿದ್ದು ಬರೀ ತಮಾಷೆ. ಅವಳಿಗೆ ಅದು ಮರುದಿನವೇ ಮರೆತಿರಬೇಕು, ಅಥವಾ ಮರೆತಿದ್ದಾಳೆ ಎಂದು ನಾವು ಅಂದುಕೊಂಡಿದ್ದೆವು.

ವರ್ಷಕ್ಕೊಂದೆರಡು ಸಲ ಅಪ್ಪ ಆ ಬಾಟಲಿ ಇಳಿಸಿ, ಧೂಳು ಒರೆಸಿ, ಮುಚ್ಚಳ ತೆಗೆದು ಮೂಸುತ್ತಿದ್ದ. "ಮಾಗ್ತಾ ಇದೆ" ಅನ್ನುತ್ತಿದ್ದ.

"ಮಾಗೋಕೆ ಅದೇನು ಹಣ್ಣಾ?" ಎಂದು ಅಮ್ಮ ಗೊಣಗುತ್ತಿದ್ದಳು.

ಕಿಟಕಿಯ ಬಿಸಿಲು ಮಧ್ಯಾಹ್ನದ ಹೊತ್ತು ಕಪಾಟಿನ ಮೇಲೆ ಬೀಳುತ್ತಿತ್ತು. ಬಾಟಲಿಯ ಎಣ್ಣೆ ಸ್ವಲ್ಪ ಸ್ವಲ್ಪವೇ ಕೆಳಗಿಳಿದಿತ್ತು, ಮೇಲೆ ಖಾಲಿ ಜಾಗ ಬೆಳೆದಿತ್ತು. ನಾನು ಬೆಳೆದು, ರಸಾಯನಶಾಸ್ತ್ರ ಓದಿ, ಪದವಿ ಮುಗಿಸುವ ಹೊತ್ತಿಗೆ ಅದು ಗೋಡೆಯ ಬಿರುಕಿನ ಹಾಗೆ ಕಣ್ಣಿಗೆ ಬೀಳುವುದನ್ನೇ ನಿಲ್ಲಿಸಿತ್ತು.

ನನಗೆ ಕೆಲಸ ಸಿಕ್ಕಿದ್ದು ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ. ಔಷಧಿ ಗಿಡಗಳ ಎಣ್ಣೆ ಊತವನ್ನು, ಉರಿಯನ್ನು ತಗ್ಗಿಸುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ. ಸಣ್ಣ ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಜೀವಕೋಶಗಳನ್ನು ಬೆಳೆಸುತ್ತೇವೆ. ಬ್ಯಾಕ್ಟೀರಿಯಾದ ಹೊರಸಿಪ್ಪೆಯಂಥ ವಸ್ತುವನ್ನು ತೋರಿಸಿ ಅವುಗಳನ್ನು ರೇಗಿಸುತ್ತೇವೆ. ರೇಗಿದ ಕೋಶಗಳು ಏನನ್ನು ಹೊರಬಿಡುತ್ತವೋ ಅದಕ್ಕೆ ಒಂದು ದ್ರಾವಣ ಸೇರಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಸಿಟ್ಟು ಹೆಚ್ಚಿದಷ್ಟೂ ಗುಲಾಬಿ ಗಾಢ. ಅಪ್ಪನ ಹೊಸ ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಕಡಿಮೆ ಬೆರೆಸಿದ ಗುಳಿಗಳಲ್ಲಿ ಗುಲಾಬಿ ತೀರಾ ಮಸುಕಾಗಿತ್ತು. ಕೋಶಗಳು ಸತ್ತು ಸುಮ್ಮನಾದವೇ ಎಂದು ಬೇರೆಯಾಗಿ ಪರೀಕ್ಷಿಸಿದೆ. ಬದುಕಿದ್ದವು. ಬದುಕಿದ್ದೇ ತಣ್ಣಗಾಗಿದ್ದವು.

ಅವತ್ತು ಊಟಕ್ಕೆ ಕೂತಾಗ ಅಪರೂಪಕ್ಕೆ ನಾನೇ ಮೊದಲು ಬಾಯಿಬಿಟ್ಟೆ. ತಟ್ಟೆಯಲ್ಲಿ ತಣಿದದ್ದೆಲ್ಲ ಮೈಯಲ್ಲೂ ತಣಿಯಬೇಕೆಂದಿಲ್ಲ, ಇದು ಮೊದಲ ಮೆಟ್ಟಿಲಷ್ಟೇ ಎಂದೂ ಹೇಳಿದೆ. ಅಪ್ಪನ ಕಿವಿಗೆ ಅಷ್ಟು ದೂರದ ಮಾತು ಬೀಳಲಿಲ್ಲ.

"ಊತ ತಗ್ಗುತ್ತಾ?"

"ಜೀವಕೋಶದಲ್ಲಿ ಅಪ್ಪಾ."

"ತಗ್ಗುತ್ತೋ ಇಲ್ವೋ?"

"ತಗ್ಗುತ್ತೆ."

ಅಪ್ಪ ಕೈ ತೊಳೆಯದೆ ಎದ್ದು ಶೆಡ್ಡಿಗೆ ಹೋಗಿ, ಬೆಂಕಿಯೇ ಇಲ್ಲದ ಹಂಡೆಯ ಮುಂದೆ ಸುಮ್ಮನೆ ನಿಂತು ಬಂದ.

ಆ ಹೊತ್ತಿಗೆ ಅತ್ತೆಯ ಬೆರಳ ಗೆಣ್ಣುಗಳು ಊದಿಕೊಳ್ಳಲು ಶುರುವಾಗಿ ಕೆಲವು ವರ್ಷಗಳಾಗಿದ್ದವು. ಬೆಳಗ್ಗೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. "ಮಾತ್ರೆ ನುಂಗಿದ್ರೆ ಹೊಟ್ಟೆ ಹಾಳು, ಬಿಟ್ರೆ ಬೆರಳು ಹಾಳು" ಅನ್ನುತ್ತಿದ್ದಳು. ಅದೇ ವರ್ಷ ನಗರದ ಗ್ರಂಥಾಲಯದವರು ಹಳೆಯ ಭೂಪಟಗಳ ಸಂಪುಟಗಳನ್ನು ಬಿಚ್ಚಿ ಹೊಸದಾಗಿ ಕಟ್ಟಲು ಅವಳಿಗೇ ಒಪ್ಪಿಸಿದ್ದರು. ಯಂತ್ರದ ಹೊಲಿಗೆಗೆ ಆ ಕಾಗದ ಹರಿಯುತ್ತದೆ, ಕೈಹೊಲಿಗೆಯೇ ಬೇಕು. ಜೀವಮಾನದಲ್ಲಿ ಅಂಥ ಕೆಲಸ ಅವಳಿಗೆ ಬಂದಿರಲಿಲ್ಲ. ಮಾವ ಬದುಕಿದ್ದಾಗ ಅದಕ್ಕೆ ಅರ್ಜಿ ಹಾಕಿ ಹಾಕಿ ಸೋತಿದ್ದರು. ಈಗ ಸಂಪುಟಗಳು ಅಂಗಡಿಯಲ್ಲಿ ಬಿಳಿ ಬಟ್ಟೆ ಹೊದ್ದು ಕೂತಿದ್ದವು, ಅತ್ತೆಯ ಬೆರಳು ದಬ್ಬಳ ಹಿಡಿಯುತ್ತಿರಲಿಲ್ಲ.

ಒಂದು ಸಂಜೆ ಪ್ರಯೋಗಾಲಯದಿಂದ ಬರುವ ದಾರಿಯಲ್ಲಿ ಅಲ್ಲಿಗೆ ಹೋದೆ. ಅತ್ತೆ ರಟ್ಟಿನ ಚೂರುಗಳನ್ನು ಗುಡಿಸುತ್ತಾ, ನನ್ನ ಮುಖ ನೋಡದೆ ಕೇಳಿದಳು:

"ಮೌನಗೌರಿ, ನಿಮ್ಮಪ್ಪನ ಎಣ್ಣೆಗೆ ಊತ ಇಳಿಯುತ್ತಂತೆ? ನಿಮ್ಮಮ್ಮ ಬೀದಿಗೆಲ್ಲಾ ಸಾರ್ತಿದ್ಲು."

"ಹೂಂ ಅತ್ತೆ. ಆದ್ರೆ ಇನ್ನೂ..."

"ಆ ನೆಲ ಒರೆಸೋ ಎಣ್ಣೆ ಒಂದಿಷ್ಟು ಕೊಡ್ತಾನಾ ಕೇಳಿ ನೋಡು."

ಹಾಗಾದರೆ ಅವಳಿಗೆ ಮರೆತಿರಲಿಲ್ಲ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು.

ನಾನು ಮನೆಗೆ ಬಂದು ಹೇಳಿದಾಗ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಕೊಡೋಣ ಬಿಡು, ಅದಕ್ಕೇನಂತೆ" ಅಂದ. ಪೇಪರು ತಲೆಕೆಳಗಾಗಿತ್ತು. ಸುಮ್ಮನೆ ಹಚ್ಚಿದರೆ ಚರ್ಮ ತಡೆಯುವುದಿಲ್ಲ, ಎಳ್ಳೆಣ್ಣೆಯಲ್ಲಿ ಬೆರೆಸಬೇಕು, ಎಷ್ಟಕ್ಕೆ ಎಷ್ಟು ಎಂದು ನಾನು ಹೇಳಿಕೊಟ್ಟೆ. ಆ ವಾರ ಇಳಿಸಿದ ಎಣ್ಣೆ ಶೆಡ್ಡಿನ ಮೇಜಿನ ಮೇಲೆ ಕಂದು ಬಾಟಲಿಯಲ್ಲಿತ್ತು. ಅದನ್ನೇ ಬೆರೆಸುತ್ತಾನೆ ಎಂದುಕೊಂಡೆ. ಬೇರೆ ಎಣ್ಣೆ ಇದೆ ಎಂಬುದೇ ನನ್ನ ತಲೆಯಲ್ಲಿರಲಿಲ್ಲ. ಅಪ್ಪನ ತಲೆಯಲ್ಲಿ ಬೇರೆ ಯಾವುದೂ ಇರಲಿಲ್ಲ.

ಭಾನುವಾರ ಇಬ್ಬರೂ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ಏನೋ ಬುಡ್ಡಿ, ಹೆಣ್ಣು ನೋಡೋಕೆ ಹೊರಟ ಹಾಗಿದ್ದೀಯ" ಎಂದಳು ಅತ್ತೆ.

"ಕೈ ಕೊಡು."

"ಕೊಡ್ತೀನಿ ತಡಿ, ಅಂಟು ಒರೆಸ್ಕೊಳ್ತೀನಿ."

"ಕೊಡು ಅಂದ್ರೆ."

ಅತ್ತೆ ಎರಡೂ ಕೈ ಮೇಜಿನ ಮೇಲಿಟ್ಟಳು. ಅಪ್ಪ ಸೀಸೆಯಿಂದ ಅಂಗೈಗೆ ಸುರಿದುಕೊಂಡು, ಅವಳ ಒಂದೊಂದು ಬೆರಳನ್ನೂ ಬುಡದಿಂದ ತುದಿಯವರೆಗೆ ನೀವಿದ. ಹಂಡೆಯ ಬಿಸಿ ಮುಟ್ಟಿ ಮುಟ್ಟಿ ದಡ್ಡುಗಟ್ಟಿದ ಕೈ ಅವನದು. ಅಷ್ಟು ಹಗುರ ಮುಟ್ಟುವುದು ಆ ಕೈಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಂಗಡಿಯ ಅಂಟು, ವಾರ್ನಿಷ್, ಹಳೆಯ ಕಾಗದದ ಘಾಟಿನ ನಡುವೆ ಎಣ್ಣೆಯ ವಾಸನೆ ನನ್ನವರೆಗೆ ಬರಲೇ ಇಲ್ಲ.

"ಸ್ವಲ್ಪ ಚುರುಗುಟ್ಟುತ್ತೆ ಕಣೋ."

"ಚುರುಗುಟ್ಟಿದ್ರೇನೇ ಕೆಲಸ ಮಾಡ್ತಿದೆ ಅಂತ. ಇದು ಸಾಮಾನ್ಯದ್ದಲ್ಲ ಅಕ್ಕ. ನಿನಗೇ ಅಂತ ಎತ್ತಿಟ್ಟಿದ್ದು."

ಅತ್ತೆ ಏನೋ ಚೇಷ್ಟೆ ಮಾಡಲು ಬಾಯಿ ತೆರೆದವಳು ಅಪ್ಪನ ಬಗ್ಗಿದ ತಲೆ ನೋಡಿ ಸುಮ್ಮನಾದಳು. "ಹೂಂ" ಅಂದಳು ಅಷ್ಟೆ. 'ಎತ್ತಿಟ್ಟಿದ್ದು' ಎಂಬ ಮಾತನ್ನು ನಾನು ಕೇಳಿಸಿಕೊಂಡೆ. ಹೊಸ ಎಣ್ಣೆಯಲ್ಲೇ ಒಂದು ಪಾಲು ತೆಗೆದಿಟ್ಟದ್ದು ಎಂದು ಅರ್ಥ ಮಾಡಿಕೊಂಡೆ. ಬರುವಾಗ ಅಪ್ಪ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಮಾತಾಡಿಸಿದ. ಎರಡು ಬೀದಿ ದಾಟಲು ನಮಗೆ ಸಂಜೆಯಾಯಿತು.

ಆಮೇಲೆ ಅತ್ತೆ ನಮ್ಮನೆಗೆ ಬರಲಿಲ್ಲ. ಅಪ್ಪ ಫೋನು ಮಾಡಿದರೆ, "ಪರವಾಗಿಲ್ಲ ಕಣೋ, ಹಗುರ ಅನ್ಸುತ್ತೆ, ಕೆಲಸದ ರಾಶಿ ಬಿದ್ದಿದೆ, ಈಗ ಬರಬೇಡ" ಅನ್ನುತ್ತಿದ್ದಳು. ಕೆಲಸದ ರಾಶಿ ಎಂದರೆ ಕೈ ಆಡುತ್ತಿದೆ ಎಂದಾಯಿತಲ್ಲ. ಅಪ್ಪನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಸೀಸೆ ಖಾಲಿಯಾಗುವ ಮುಂಚೆಯೇ ಇನ್ನೊಂದು ಬೆರೆಸಿ ಅಂಗಡಿಯ ಬಾಗಿಲಲ್ಲಿಟ್ಟು ಬಂದ. ಪ್ರಯೋಗಾಲಯದಲ್ಲಿ ನನಗೆ ಬಿಡುವಿರಲಿಲ್ಲ. ಕೆಲವು ವಾರ ಹಾಗೇ ಸರಿದವು.

ಗ್ರಂಥಾಲಯದಿಂದ ಮನೆಗೆ ಫೋನು ಬಂದಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿದ್ದು. ಮೊದಲ ಸಂಪುಟ ಕೊಡುವ ದಿನ ದಾಟಿದೆ, ನಿಮ್ಮ ಅತ್ತೆ ಫೋನು ಎತ್ತುತ್ತಿಲ್ಲ ಎಂದರು. ಅಪ್ಪ ಶೆಡ್ಡಿನಲ್ಲಿದ್ದ. ಅವನಿಗೆ ಹೇಳದೆ ಹೊರಟೆ.

ಅಂಗಡಿ ಅರ್ಧ ಮುಚ್ಚಿತ್ತು. ಒಳಗೆ ಅತ್ತೆ ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು ಕೂತಿದ್ದಳು. ಮುಂದೆ ಬಿಚ್ಚಿದ ಭೂಪಟದ ಹಾಳೆಗಳು, ಅರ್ಧಕ್ಕೆ ನಿಂತ ಹೊಲಿಗೆ.

"ಕಾಗದ ಕೊಳೆಯಾಗಬಾರದು ಅಂತ ಗವಸು" ಅಂದಳು.

"ತೆಗಿ ಅತ್ತೆ."

"ಹೋಗೇ ಮಾರಾಯ್ತಿ, ಚಹಾ ಮಾಡು ಹೋಗು."

ಗವಸು ಅಲ್ಲಲ್ಲಿ ಹಳದಿಯಾಗಿ ಚರ್ಮಕ್ಕೆ ಅಂಟಿಕೊಂಡಿತ್ತು. ನೀರು ಹನಿಸಿ, ನೆನೆಸಿ, ಒಂದೊಂದೇ ಬೆರಳು ಬಿಡಿಸಿದೆ. ಗೆಣ್ಣುಗಳ ಊತ ಹಾಗೆಯೇ ಇತ್ತು. ಅದರ ಮೇಲೆ ಚರ್ಮ ಕೆಂಪಗೆ ಬೆಂದು, ಗುಳ್ಳೆ ಎದ್ದು, ಒಡೆದು ಕೀತಿತ್ತು. ಮೊಣಕೈಯವರೆಗೂ ಕೆಂಪು ಹತ್ತಿತ್ತು. ಮೇಜಿನ ಮೇಲೆ ಸೀಸೆ ಇತ್ತು. ಬಾಗಿಲು ತೆರೆದು ಹೊರಗಿನ ಗಾಳಿಯಲ್ಲಿ ನಿಂತು ಮೂಸಿದೆ. ನಿಂಬೆಯ ತಾಜಾತನದ ಸುಳಿವೂ ಇರಲಿಲ್ಲ. ಹಳೆಯ ಬಣ್ಣದ ಡಬ್ಬದ ಘಾಟು, ಟರ್ಪೆಂಟೈನಿನ ಘಾಟು.

"ಯಾವಾಗಿಂದ ಹೀಗೆ?"

"ಮೊದಲ ವಾರದಿಂದ."

"ಮತ್ತೆ ಯಾಕೆ ನಿಲ್ಲಿಸಲಿಲ್ಲ? ಒಂದು ಮಾತು ಹೇಳಬಾರದಿತ್ತಾ?"

ಅತ್ತೆ ಕೈಗಳನ್ನು ಗಾಳಿಗೆ ಹಿಡಿದುಕೊಂಡಳು. ಆಮೇಲೆ, "ಹೇಗೆ ಹೇಳ್ಲಿ ಹೇಳು. ಅವತ್ತು ಬಾಯಿಗೆ ಬಂದ ಒಂದು ಮಾತು ಆಡ್ಬಿಟ್ಟೆ. ಅವನು ಬಾಟಲಿ ಜೇಬಿಗಿಟ್ಕೊಂಡು ಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಾರನೇ ದಿನ ಹೋಗಿ ಕೊಡೋ ಅಂದಿದ್ರೆ ಮುಗೀತಿತ್ತು. ನಾಳೆ ಹೋಗೋಣ, ನಾಡಿದ್ದು ಹೋಗೋಣ ಅಂತ ಇಷ್ಟು ವರ್ಷ ಹೋಯ್ತು. ಈಗ ಅವನಾಗೇ ಬಂದು ಬೆರಳು ಬೆರಳು ಹಿಡಿದು ಹಚ್ಚಿದಾನೆ. ಮತ್ತೆ ಇದೇ ಬಾಯಲ್ಲಿ ಚೆನ್ನಾಗಿಲ್ಲ ಅನ್ಲಾ?" ಅಂದಳು.

"ಅದಕ್ಕೆ ದಿನಾ ಹಚ್ಚಿಕೊಂಡ್ಯಾ?"

"ಎರಡು ಹೊತ್ತು" ಅಂದಳು ಅತ್ತೆ, ಪಾಠ ಒಪ್ಪಿಸುವ ಮಗುವಿನ ಹಾಗೆ.

ಚರ್ಮದ ಡಾಕ್ಟರಮ್ಮ ಗಾಯಕ್ಕೆ ಮುಲಾಮು ಬರೆದರು. ಗಾಯ ಮಾಗಿದ ಮೇಲೆ ಮತ್ತೆ ಕರೆದು, ಅತ್ತೆಯ ಬೆನ್ನಿಗೆ ಪುಟ್ಟ ಪುಟ್ಟ ಪಟ್ಟಿಗಳನ್ನು ಅಂಟಿಸಿ ಪರೀಕ್ಷೆ ಮಾಡಿದರು. ಒಂದರಡಿಯಲ್ಲಿ ಹಳೆಯ ಎಣ್ಣೆ ತೀರಾ ತೆಳುವಾಗಿ, ಇನ್ನೊಂದರಲ್ಲಿ ನಾನು ತಂದುಕೊಟ್ಟ ಹೊಸ ಎಣ್ಣೆ. ಎರಡರ ಅಡಿಯಲ್ಲೂ ಚರ್ಮ ಕೆಂಪಗೆ ಉಬ್ಬಿತ್ತು.

"ಕೆಟ್ಟ ಎಣ್ಣೆ ಒಂದು ಸಲ ಮೈಗೆ ಕಲಿಸಿಬಿಟ್ಟಿದೆ" ಎಂದರು. "ಮೈ ಇನ್ನು ಇದನ್ನ ಮರೆಯಲ್ಲ. ಹೊಸದಾದ್ರೂ ಅಷ್ಟೇ, ಎಷ್ಟು ಶುದ್ಧ ಇದ್ರೂ ಅಷ್ಟೇ. ಈ ಜನ್ಮಕ್ಕೆ ನಿಮಗೆ ಈ ಎಣ್ಣೆ ಬೇಡ. ಅದು ಹತ್ತಿದ ಬಟ್ಟೆ, ಪಾತ್ರೆ, ಯಾರ ಕೈಗಾದ್ರೂ ಹತ್ತಿದ್ರೆ ಆ ಕೈಯೂ ಬೇಡ."

ಆದರೆ ಅದಕ್ಕೂ ಮುಂಚೆ, ಅತ್ತೆಯ ಕೈ ನೋಡಿದ ದಿನವೇ, ನಾನು ಮನೆಗೆ ಬಂದು ಅಪ್ಪನಿಗೆ ಹೇಳಬೇಕಾಯಿತು. ಅವನು ಹಂಡೆಯ ಜಾಲರಿ ತೊಳೆಯುತ್ತಿದ್ದ.

"ಅಪ್ಪಾ, ಅತ್ತೆಗೆ ಯಾವ ಎಣ್ಣೆ ಬೆರೆಸಿಕೊಟ್ಟೆ?"

"ಅವಳದ್ದೇ. ಕಪಾಟಿನ ಮೇಲಿಂದು." ಅವನ ಮುಖದಲ್ಲಿ ಇನ್ನೂ ಸಂಭ್ರಮವಿತ್ತು. "ಹೊಸದನ್ನ ಯಾರು ಬೇಕಾದ್ರೂ ಕೊಡ್ತಾರೆ. ಅಷ್ಟು ವರ್ಷ ಮಾಗಿದ್ದು ಎಲ್ಲಿ ಸಿಗುತ್ತೆ?"

ನಾನು ಕಲಿತದ್ದನ್ನೆಲ್ಲ ಚಿಕ್ಕ ಚಿಕ್ಕ ತುಂಡು ಮಾಡಿ ಹೇಳಿದೆ. ಬೇರಿನ ಎಣ್ಣೆ ಬೇರೆ, ಎಲೆಯ ಎಣ್ಣೆ ಬೇರೆ. ಲಾವಂಚದ್ದು ಮಂದ, ಗಾಳಿ ಬೆಳಕಿಗೆ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಹುಲ್ಲಿನದು ತೆಳು, ಬಾಟಲಿಯೊಳಗಿನ ಗಾಳಿಯನ್ನೇ ಕುಡಿದು ಬೇರೆ ಏನೋ ಆಗುತ್ತದೆ. ಊತ ತಗ್ಗಿಸುವುದೇ ಊತ ಎಬ್ಬಿಸುವುದಾಗುತ್ತದೆ. ಬಿಸಿಲು ಬಿದ್ದರೆ ಇನ್ನೂ ಬೇಗ.

"ಲಾವಂಚದ್ದು..." ಎಂದ ಅಪ್ಪ.

"ಇದು ಲಾವಂಚ ಅಲ್ವಲ್ಲಪ್ಪಾ."

ಅಪ್ಪ ಜಾಲರಿಯನ್ನು ನಿಧಾನವಾಗಿ ಗೋಡೆಗೆ ಒರಗಿಸಿದ. ಕೈ ಹೇಗಿದೆ ಎಂದು ಕೇಳಿದ. ಹೇಳಿದೆ. ಇನ್ನೊಂದು ಸಲ ಹೇಳು ಎಂದ, ಹೇಳಿದೆ. ದಿನಾ ಹಚ್ಚಿಕೊಂಡಳೇ ಎಂದು ಕೇಳಿದಾಗ ಸುಳ್ಳು ಹೇಳಬೇಕೆಂದಿದ್ದೆ, ಬಾಯಿಗೆ ಬರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಒಲೆಯ ಪಕ್ಕದ ಕಟ್ಟೆಯ ಮೇಲೆ ಕೂತು, ಯಾರಿಗೂ ಅಲ್ಲದ ಹಾಗೆ ಅಂದ:

"ಅವತ್ತು ಅಲ್ಲೇ ಬಿಟ್ಟು ಬಂದಿದ್ರೆ, ನೆಲನಾದ್ರೂ ಒರೆಸ್ತಿದ್ಲು."

ಭೂಪಟಗಳನ್ನು ಗ್ರಂಥಾಲಯದವರು ಬೇರೆ ಊರಿನ ಅಂಗಡಿಗೆ ಕಳಿಸಿದರು. ಅವರ ತಪ್ಪೇನಿಲ್ಲ, ಸಾಕಷ್ಟು ಕಾದರು. ಸಂಪುಟಗಳನ್ನು ಗಾಡಿಗೆ ಹೇರುವಾಗ ಅತ್ತೆ ಬಿಳಿ ಬಟ್ಟೆಗಳನ್ನು ಮಡಿಚಿ ಎದೆಗವಚಿಕೊಂಡು ನಿಂತಿದ್ದಳು. ಗಾಯ ಮಾಯಿತು. ಹೊಸ ಚರ್ಮ ಬಂತು, ತೆಳ್ಳಗೆ, ಮಗುವಿನದರಂತೆ ಹೊಳೆಯುತ್ತಾ. ಗೆಣ್ಣುಗಳಿಗೆ ಡಾಕ್ಟರು ಬೇರೆ ಮಾತ್ರೆ ಬದಲಿಸಿದರು, ಅದು ಅಷ್ಟಿಷ್ಟು ಒಗ್ಗಿದೆ. ಸಣ್ಣಪುಟ್ಟ ಕೆಲಸ ಮಾಡುತ್ತಾಳೆ. ಗಟ್ಟಿ ಹೊಲಿಗೆ ಬಂದರೆ ಭಾನುವಾರ ನಾನು ಹೋಗಿ ದಾರ ಎಳೆದುಕೊಡುತ್ತೇನೆ. ಮೊದಲು ಅಂಗಡಿಯ ಹಿಂದಿನ ಬಚ್ಚಲಲ್ಲಿ ಸ್ನಾನ ಮಾಡಿ, ಅತ್ತೆಯದೇ ದೊಗಳೆ ಬಟ್ಟೆ ಹಾಕಿಕೊಂಡು ಕೂರಬೇಕು. "ಬೆದರುಬೊಂಬೆಗೆ ಕೆಲಸ ಸಿಕ್ತು" ಎಂದು ಅವಳ ಹಾಸ್ಯ.

ಅಪ್ಪನೂ ಬರುತ್ತಾನೆ. ವಾಸನೆ ಇಲ್ಲದ ಸೋಪಿನಲ್ಲಿ ಸ್ನಾನ ಮಾಡುತ್ತಾನೆ, ಬೇರೆಯಾಗಿ ಒಗೆಸಿಟ್ಟ ಅಂಗಿ ಹಾಕುತ್ತಾನೆ. ಆದರೆ ಜೀವಮಾನವಿಡೀ ಎಣ್ಣೆಯಲ್ಲಿ ನೆನೆದ ಕೈ ಅದು. ಉಗುರಿನ ಸಂದಿಗಳಲ್ಲಿ, ಬಿರುಕುಗಳಲ್ಲಿ ಅದು ಉಳಿದೇ ಇರುತ್ತದೆ. ಮೊದಲ ಸಲ ಬಂದಾಗ ಅತ್ತೆಯ ಮಣಿಕಟ್ಟು ಹಿಡಿದು ಗಾಯ ನೋಡಿದ. ಮರುದಿನ ಆ ಮಣಿಕಟ್ಟಿನ ಸುತ್ತ ಅವನ ಬೆರಳಿನಷ್ಟೇ ಅಗಲಕ್ಕೆ ಕೆಂಪು ಬಳೆ ಎದ್ದಿತ್ತು. ಅಂದಿನಿಂದ ಕುರ್ಚಿಯನ್ನು ಹೊಸ್ತಿಲಿನಾಚೆ ಹಾಕಿಸಿಕೊಂಡು ಅಲ್ಲಿಂದಲೇ ಮಾತಾಡುತ್ತಾನೆ. ಈಗ ಅವರಿಬ್ಬರೂ ಎಣ್ಣೆಯ ಮಾತೂ ಆಡುತ್ತಾರೆ. ಎಲ್ಲ ಮಾತೂ ಆಡುತ್ತಾರೆ. ಜೋರಾಗಿ ಆಡಬೇಕಾಗುತ್ತದೆ, ಬೀದಿಯ ಸದ್ದಿಗೆ.

"ಒಳಗೆ ಬಾರೋ ಬುಡ್ಡಿ, ಕೂತ್ರೆ ಏನೂ ಆಗಲ್ಲ."

"ಇಲ್ಲೇ ಗಾಳಿ ಚೆನ್ನಾಗಿದೆ ಅಕ್ಕ."

"ಇವಳ ಹೊಲಿಗೆ ನೋಡು, ಕುಡಿದೋನು ನಡೆದ ಹಾಗಿದೆ."

"ಭಟ್ಟಿ ಮನೆ ಹುಡುಗಿ ಅಲ್ವಾ."

ಅವತ್ತು ಅತ್ತೆ ನಗುತ್ತಲೇ ಹೊಸ ದಾರ ತುಂಡರಿಸಿ, ಸೂಜಿಯ ಕಣ್ಣಿಗೆ ಏರಿಸಲು ನೋಡಿದಳು. ಗೆಣ್ಣು ಬಾಗದೆ ದಾರ ಪಕ್ಕಕ್ಕೆ ಹೋಯಿತು. ಇನ್ನೊಮ್ಮೆ ನೋಡಿದಳು. ಚಿಕ್ಕಂದಿನಲ್ಲಿ ಅವಳಿಗೆ ದಾರ ಪೋಣಿಸಿಕೊಡುತ್ತಿದ್ದುದು ಅಪ್ಪನಂತೆ, ಅವನ ಕಣ್ಣು ಅಷ್ಟು ಚುರುಕು. ಯೋಚನೆಯೇ ಇಲ್ಲದೆ ಅವಳು ಸೂಜಿಯನ್ನು ಬಾಗಿಲ ಕಡೆ ಚಾಚಿದಳು. ಅಪ್ಪ ಕುರ್ಚಿಯಿಂದ ಅರ್ಧ ಎದ್ದು, ಕೈ ಮುಂದೆ ಮಾಡಿದವನು, ಹೊಸ್ತಿಲ ಮೇಲೆ ಕಾಲಿಟ್ಟಾಗ ನಿಂತ. ಚಾಚಿದ ಕೈಯನ್ನು ಒಂದು ಗಳಿಗೆ ನೋಡಿಕೊಂಡ. ಮತ್ತೆ ಕೂತು, ಎರಡೂ ಕೈಗಳನ್ನು ಮಂಡಿಯ ನಡುವೆ ಒತ್ತಿ ಹಿಡಿದುಕೊಂಡ.

"ನೀನು ಪೋಣಿಸಿಕೊಡು ಮಗಳೇ" ಎಂದ.